ಹಳೆಯ ನೌಕೆಯ ನಿಜವಾದ ಬೆಲೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಕೊಂಬಿಗೆ ಹಚ್ಚಿದ ಬಣ್ಣವನ್ನು ನೋಡಿ ಹಣದ ಚೀಲವನ್ನು ಬಿಚ್ಚುವುದಿಲ್ಲ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ; ಸುಳಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಯಿಸಿ, ಕಾಲೆಳೆಯುವುದೇನೋ ಎಂದು ಹಿಂದಿನಿಂದ ಗಮನಿಸುತ್ತಾನೆ. ಹಳೆಯ ಮನೆಯನ್ನು ಕೊಳ್ಳಹೊರಟ ಗೃಹಸ್ಥನೂ ಅಷ್ಟೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮರುಳಾಗದೆ, ತೊಲೆಗೆ ಗೆದ್ದಲು ಹತ್ತಿದೆಯೇ, ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ, ಪತ್ರಗಳು ಸರಿಯಾಗಿವೆಯೇ ಎಂದು ವಿಚಾರಿಸುತ್ತಾನೆ. ಆದರೆ ಇಂಥ ಜಾಣನೇ ನೀರಿನ ಮೇಲೆ ತೇಲುತ್ತಿರುವ ಬಿಳಿಯ ನೌಕೆಯೊಂದನ್ನು ಕಂಡಾಗ ತನ್ನ ಎಚ್ಚರವನ್ನೆಲ್ಲ ದಡದಲ್ಲಿಯೇ ಬಿಟ್ಟು ಹತ್ತಿಬಿಡುವುದುಂಟು. ಆ ಬಳಿಕ ಅವನು ತೆರುವ ದಂಡ ಕೆಲವೊಮ್ಮೆ ನೌಕೆಯ ಬೆಲೆಯನ್ನೇ ಮೀರುತ್ತದೆ. ಇನ್ನು ಕೆಲವೊಮ್ಮೆ ಹಣದಲ್ಲಿ ಎಣಿಸಲಾಗದ್ದಾಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಕ್ಯಾಬಿನ್ ಕ್ರೂಸರ್ ಎಂದು ಕರೆಯುವ ವಿಹಾರ ನೌಕೆಯು ನೀರಿನ ಮೇಲಿನ ಒಂದು ಪುಟ್ಟ ಮನೆ. ಇಪ್ಪತ್ತೈದರಿಂದ ನಲವತ್ತು ಅಡಿ ಉದ್ದದ ಯಂತ್ರದೋಣಿಯೊಳಗೆ ಮಲಗುವ ಕೋಣೆ, ಒಲೆ, ಊಟದ ಮೇಜು, ಶೌಚಗೃಹ ಎಲ್ಲವೂ ಅಚ್ಚುಕಟ್ಟಾಗಿ ಅಡಗಿರುತ್ತವೆ. ಶನಿವಾರ ಹೊರಟು ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕಿ, ರಾತ್ರಿಯನ್ನು ಅಲ್ಲಿಯೇ ಕಳೆದು ಭಾನುವಾರ ಸಂಜೆ ಹಿಂದಿರುಗುವುದು ಅಮೆರಿಕದ ಮಹಾ ಸರೋವರಗಳ ತೀರದಲ್ಲಿಯೂ ಫ್ಲಾರಿಡಾದ ಕರಾವಳಿಯಲ್ಲಿಯೂ ಅನೇಕ ಮಧ್ಯಮ ವರ್ಗದ ಕುಟುಂಬಗಳಿಗೆ ಪ್ರಿಯವಾದ ವಿನೋದ. ಆ ಸರೋವರಗಳ ತೀರದ ಊರುಗಳಲ್ಲಿ ಕನ್ನಡದ ಕುಟುಂಬಗಳೂ ನೆಲಸಿವೆ. ಹೊಸ ನೌಕೆಯ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದಲ್ಲ. ಮೂವತ್ತು ನಲವತ್ತು ವರ್ಷ ಹಳೆಯದಾದರೆ ಒಂದು ಹಳೆಯ ಮೋಟಾರು ಕಾರಿನ ಬೆಲೆಗೂ ದೊರೆಯುವುದುಂಟು. ಆಸೆ ಹುಟ್ಟುವುದು ಇಲ್ಲಿಯೇ; ಅಪಾಯ ಹುಟ್ಟುವುದೂ ಇಲ್ಲಿಯೇ.

ಸಾಯದ ನೌಕೆಗಳು

ಇಷ್ಟೊಂದು ಹಳೆಯ ನೌಕೆಗಳು ಮಾರಾಟಕ್ಕೆ ಉಳಿದಿರುವುದೇಕೆ ಎಂಬುದಕ್ಕೆ ಒಂದು ಚರಿತ್ರೆಯಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಬಗೆಯ ನೌಕೆಗಳು ಬಹುಮಟ್ಟಿಗೆ ಮರದವು. ಮಿಷಿಗನ್ ಸಂಸ್ಥಾನದ ಆಲ್ಗೊನಾಕ್ ಎಂಬ ಊರಿನಲ್ಲಿ ಹುಟ್ಟಿ ಬೆಳೆದ ಕ್ರಿಸ್ ಕ್ರಾಫ್ಟ್ ಸಂಸ್ಥೆಯ ಮಹೋಗನಿ ಮರದ ನೌಕೆಗಳು ಆ ಕಾಲದಲ್ಲಿ ಮನೆಮಾತಾಗಿದ್ದವು. ಮರದ ನೌಕೆಯನ್ನು ವರ್ಷ ವರ್ಷವೂ ಕೆರೆದು, ಸಂದು ತುಂಬಿ, ಬಣ್ಣ ಬಳಿಯಬೇಕು. ಕೆಲವು ವರ್ಷ ಅಲಕ್ಷ್ಯ ಮಾಡಿದರೆ ಅದು ಕೊಳೆತು ತನ್ನ ಆಯುಷ್ಯವನ್ನು ತಾನೇ ಮುಗಿಸಿಕೊಳ್ಳುತ್ತಿತ್ತು.

ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ ಗಟ್ಟಿಮಾಡುವ ಫೈಬರ್ ಗ್ಲಾಸ್ ವಿದ್ಯೆ ಬಂದಾಗ ಈ ಸ್ಥಿತಿ ಬದಲಾಯಿತು. ೧೯೬೦ರಲ್ಲಿ ಉತ್ತರ ಕ್ಯಾರೊಲೈನಾದ ಹೈ ಪಾಯಿಂಟ್ ಎಂಬ ಊರಿನಲ್ಲಿ ವಿಲ್ಲಿಸ್ ಸ್ಲೇನ್ ಎಂಬಾತನು ನಲವತ್ತೊಂದು ಅಡಿ ಉದ್ದದ ಫೈಬರ್ ಗ್ಲಾಸ್ ನೌಕೆಯನ್ನು ಕಟ್ಟಿಸಿ ಹ್ಯಾಟರಸ್ ಎಂಬ ಹೆಸರಿನಿಂದ ಮಾರತೊಡಗಿದನು. ಅದೇ ವರ್ಷ ಮಯಾಮಿಯಿಂದ ನಸ್ಸಾವಿಗೆ ನಡೆದ ಪಂದ್ಯದಲ್ಲಿ ರೇ ಹಂಟ್ ರಚಿಸಿದ ಚೂಪು ತಳದ ನೌಕೆ ಗೆದ್ದಿತು. ಅದರ ಮಾದರಿಯ ಬರ್ಟ್ರಮ್ ನೌಕೆಗಳು ಫೈಬರ್ ಗ್ಲಾಸಿನಲ್ಲಿ ಹೊರಬಂದವು. ಮರಕ್ಕೆ ಹೆಸರಾಗಿದ್ದ ಕ್ರಿಸ್ ಕ್ರಾಫ್ಟ್ ಕೂಡ ೧೯೬೪ರಲ್ಲಿ ಕಮಾಂಡರ್ ಎಂಬ ಮೂವತ್ತೆಂಟು ಅಡಿಯ ಫೈಬರ್ ಗ್ಲಾಸ್ ನೌಕೆಯನ್ನು ತಂದಿತು.

ಈ ಹೊಸ ವಸ್ತು ಕೊಳೆಯುವುದಿಲ್ಲ, ಇದನ್ನು ಹುಳು ತಿನ್ನುವುದಿಲ್ಲ, ಇದಕ್ಕೆ ಆರೈಕೆ ಬೇಡ ಎಂದು ಜನ ನಂಬಿದರು. ನಂಬಿಕೆಯ ಅರ್ಧ ಭಾಗ ನಿಜವಾಯಿತು. ಅರ್ಧ ಶತಮಾನ ಕಳೆದರೂ ಆ ಒಡಲುಗಳು ತೇಲುತ್ತಲೇ ಇವೆ. ಆದರೆ ಒಡಲೊಳಗಿರುವ ಯಂತ್ರ, ತಂತಿ, ಕೊಳವೆ, ಟಾಂಕಿ, ಪಂಪು ಇವು ಗಾಜಿನವಲ್ಲ. ಅವು ತಮ್ಮ ಕಾಲಕ್ಕೆ ಸರಿಯಾಗಿ ಮುಪ್ಪಾಗುತ್ತವೆ. ಹೀಗಾಗಿ ಇಂದು ಮಾರಾಟಕ್ಕೆ ನಿಂತಿರುವ ಹಳೆಯ ನೌಕೆ, ಸಾಯದ ದೇಹದೊಳಗೆ ಸಾಯುತ್ತಿರುವ ಅವಯವಗಳನ್ನು ಹೊತ್ತಿರಬಹುದಾದ ವಸ್ತು.

ಕೊಳ್ಳುವವನು ಮೊದಲು ತಿಳಿಯತಕ್ಕದ್ದು ಇದು: ವಯಸ್ಸಾದಂತೆ ನೌಕೆಯ ಬೆಲೆ ಇಳಿಯುತ್ತದೆ, ಅದರ ಖರ್ಚು ಇಳಿಯುವುದಿಲ್ಲ. ಕೆಟ್ಟ ಯಂತ್ರವನ್ನು ಬದಲಿಸಬೇಕಾದಾಗ ಯಂತ್ರದ ವ್ಯಾಪಾರಿಯು, ‘ನಿಮ್ಮ ನೌಕೆ ಅಗ್ಗವಾದುದು, ಆದ್ದರಿಂದ ಯಂತ್ರವನ್ನೂ ಅಗ್ಗವಾಗಿ ಕೊಡುತ್ತೇನೆ’ ಎನ್ನುವುದಿಲ್ಲ. ನೌಕೆಯ ಬೆಲೆಯ ಹತ್ತನೆಯ ಒಂದು ಪಾಲನ್ನು ವರ್ಷದ ಆರೈಕೆಗೆಂದು ಎತ್ತಿಡಬೇಕೆಂಬ ಲೆಕ್ಕವೊಂದು ಆ ದೇಶಗಳಲ್ಲಿ ರೂಢಿಯಲ್ಲಿದೆ. ಹೊಸ ನೌಕೆಗೆ ಈ ಲೆಕ್ಕ ಸರಿ. ಹಳೆಯದಕ್ಕೆ ಇದು ಮೋಸದ ಲೆಕ್ಕ. ಏಕೆಂದರೆ ಬೆಲೆ ಅರ್ಧವಾದ ಮಾತ್ರಕ್ಕೆ ರಿಪೇರಿಯ ಪಟ್ಟಿ ಅರ್ಧವಾಗುವುದಿಲ್ಲ, ಎರಡರಷ್ಟಾಗುತ್ತದೆ.

ಸುತ್ತಿಗೆಯ ಸದ್ದು

ಪರೀಕ್ಷೆ ತಳದಿಂದ ಪ್ರಾರಂಭವಾಗಬೇಕು. ನೀರಿನಲ್ಲಿ ತೇಲುತ್ತಿರುವ ನೌಕೆಯನ್ನು ನೋಡಿ ಕೊಳ್ಳುವುದು, ಮುಸುಕು ಹೊದ್ದು ಮಲಗಿದವನ ಆರೋಗ್ಯವನ್ನು ಹೇಳಿದಂತೆ. ಅದನ್ನು ಕ್ರೇನಿನಿಂದ ಮೇಲೆತ್ತಿಸಿ, ಒಡಲನ್ನೆಲ್ಲ ಕಣ್ಣಿಗೆ ಕಾಣುವಂತೆ ಮಾಡಿಸಬೇಕು. ಮೇಲೆತ್ತಿದ ಆ ಗಳಿಗೆಯಲ್ಲಿಯೇ ಹತ್ತಿರವಿರುವುದು ಮುಖ್ಯ. ಒಡಲಿನ ಮೇಲಿನ ಗುಳ್ಳೆಗಳು ಆಗ ಸ್ಪಷ್ಟವಾಗಿರುತ್ತವೆ. ಒಣಗುತ್ತ ಬಂದಂತೆ ಕುಗ್ಗಿ ಮರೆಯಾಗಬಹುದು.

ಈ ಗುಳ್ಳೆಗಳು ಹುಟ್ಟುವ ಬಗೆ ವಿಚಿತ್ರವಾದುದು. ಹೊರಗಣ ಹೊಳಪಿನ ಲೇಪ ನೀರನ್ನು ಸಂಪೂರ್ಣವಾಗಿ ತಡೆಯಲಾರದು. ವರ್ಷಗಟ್ಟಲೆ ನೀರಿನಲ್ಲಿದ್ದ ಒಡಲಿನೊಳಕ್ಕೆ ಅದು ಅಣು ಅಣುವಾಗಿ ನುಸುಳುತ್ತದೆ. ರಾಳದಲ್ಲಿ ಪೂರ್ತಿಯಾಗಿ ಗಟ್ಟಿಯಾಗದೆ ಉಳಿದ ಅಂಶಗಳೊಡನೆ ಬೆರೆತು ಹುಳಿಯಾದ ದ್ರವವಾಗುತ್ತದೆ. ಆ ದ್ರವ ಮತ್ತಷ್ಟು ನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಒತ್ತಡ ಹೆಚ್ಚಿ ಲೇಪವು ಉಬ್ಬುತ್ತದೆ. ಚುಚ್ಚಿದರೆ ಹುಳಿಹುಳಿಯಾದ ನಾತ. ಅಲ್ಲೊಂದು ಇಲ್ಲೊಂದು ಗುಳ್ಳೆಯಿದ್ದರೆ ಗಾಬರಿಗೆ ಕಾರಣವಿಲ್ಲ. ಮೈತುಂಬ ಎದ್ದಿದ್ದರೆ ಲೇಪವನ್ನೆಲ್ಲ ಸುಲಿದು, ತಿಂಗಳುಗಟ್ಟಲೆ ಒಣಗಿಸಿ, ಹೊಸ ಲೇಪ ಕೊಡಬೇಕಾಗುತ್ತದೆ.

ಇದಕ್ಕಿಂತ ಹೆಚ್ಚಿನ ಮೋಸವಿರುವುದು ಡೆಕ್ಕಿನಲ್ಲಿ. ತೂಕವನ್ನು ತಗ್ಗಿಸಲು ಅನೇಕ ನೌಕೆಗಳ ಡೆಕ್ಕನ್ನು ಎರಡು ತೆಳ್ಳಗಿನ ಫೈಬರ್ ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರವಾದ ಮರವನ್ನೋ ಪ್ಲೈವುಡ್ಡನ್ನೋ ಇಟ್ಟು ಕಟ್ಟಿರುತ್ತಾರೆ. ಕಟಕಟೆಯ ಕಂಬ, ಹಗ್ಗ ಬಿಗಿಯುವ ಗೂಟ, ಕಿಟಕಿ ಇವುಗಳಿಗಾಗಿ ಕೊರೆದ ತೂತುಗಳ ಸುತ್ತ ಅಂಟು ಒಣಗಿ ಬಿರುಕುಬಿಟ್ಟರೆ ಮಳೆಯ ನೀರು ಹನಿಹನಿಯಾಗಿ ಒಳಗಿಳಿಯುತ್ತದೆ. ಮೇಲಿನ ಪದರ ಹೊಳೆಯುತ್ತಲೇ ಇರುತ್ತದೆ. ನಡುವಿನ ಮರ ಕೊಳೆತು ಮುದ್ದೆಯಾಗಿರುತ್ತದೆ. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಬರಿಗಾಲಿನಲ್ಲಿ ಡೆಕ್ಕಿನ ಮೇಲೆ ನಿಧಾನವಾಗಿ ನಡೆದರೆ ಕೆಟ್ಟ ಜಾಗ ಕಾಲಿಗೆ ಮೆತ್ತಗೆ ತಿಳಿಯುತ್ತದೆ.

ಇನ್ನೂ ಹಳೆಯ ಉಪಾಯವೆಂದರೆ ಸುತ್ತಿಗೆ. ಮಡಕೆ ಕೊಳ್ಳುವ ಗೃಹಿಣಿಯು ಬೆರಳಿನಿಂದ ತಟ್ಟಿ ನೋಡುವಂತೆ, ನೌಕಾ ಪರೀಕ್ಷಕನು ಪ್ಲಾಸ್ಟಿಕ್ ತಲೆಯ ಚಿಕ್ಕ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಕಡೆ ಖಣಿಯೆಂಬ ಸದ್ದು; ಪದರ ಬಿಟ್ಟ ಕಡೆ, ಕೊಳೆತ ಕಡೆ ದೊಬ್ ಎಂಬ ಸತ್ತ ಸದ್ದು. ತೇವವನ್ನು ಅಳೆಯುವ ವಿದ್ಯುತ್ ಉಪಕರಣಗಳು ಇಂದು ಇವೆಯಾದರೂ ಸುತ್ತಿಗೆಯನ್ನು ಯಾರೂ ಕೈಬಿಟ್ಟಿಲ್ಲ. ತಳದಲ್ಲಿ ಉದ್ದಕ್ಕೂ ಹಾದುಹೋಗಿ ಯಂತ್ರದ ಭಾರವನ್ನು ಹೊರುವ ತೊಲೆಗಳನ್ನೂ ಹಿಂಭಾಗದ ಅಡ್ಡಗೋಡೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ಡೆಕ್ಕಿನ ಕೊಳೆತ ಹಣವನ್ನು ತಿನ್ನುತ್ತದೆ. ಈ ತೊಲೆಗಳ ಕೊಳೆತ ನೌಕೆಯನ್ನೇ ತಿನ್ನುತ್ತದೆ.

ಬಿಸಿಯಾದ ಯಂತ್ರ ಸುಳ್ಳಾಡುತ್ತದೆ

ನೌಕೆಯನ್ನು ನೋಡಲು ಹೋದಾಗ ಯಂತ್ರದ ಮೇಲೆ ಕೈಯಿಟ್ಟು ನೋಡುವುದು ಒಳ್ಳೆಯದು. ಅದು ಆಗಲೇ ಬೆಚ್ಚಗಿದ್ದರೆ, ಮಾರುವವನು ಅತಿಥಿ ಬರುವ ಮೊದಲೇ ಅದನ್ನು ಎಬ್ಬಿಸಿದ್ದಾನೆಂದು ಅರ್ಥ. ತಣ್ಣಗಿರುವ ಯಂತ್ರ ಮೊದಲ ಪ್ರಯತ್ನಕ್ಕೆ ಎದ್ದು ನಿಲ್ಲುವುದೇ, ನಿಂತಮೇಲೆ ಎಂಥ ಹೊಗೆಯನ್ನು ಬಿಡುತ್ತದೆ ಎಂಬುದರಿಂದ ಅದರ ಕಥೆಯ ಬಹು ಭಾಗ ತಿಳಿಯುತ್ತದೆ. ನೀಲಿ ಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಇಂಧನ ಹೆಚ್ಚಾಗಿದೆ, ಇಲ್ಲವೆ ಯಂತ್ರ ಮೀರಿದ ಭಾರವನ್ನೆಳೆಯುತ್ತಿದೆ. ಯಂತ್ರ ಕಾದ ಮೇಲೂ ನಿಲ್ಲದ ಬಿಳಿಯ ಹೊಗೆಯಾದರೆ ನೀರು ಒಳಸೇರಿರಬಹುದು. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಎಳೆದಾಗ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಂಡರೆ ಅಲ್ಲಿಯೂ ನೀರು ಸೇರಿದೆ. ಮಾತು ಬೆಳೆಸದೆ ಹಿಂದಿರುಗುವುದೇ ಲೇಸು.

ಈ ನೌಕೆಗಳ ಪೆಟ್ರೋಲ್ ಯಂತ್ರಗಳು ಬಹುಮಟ್ಟಿಗೆ ಮೋಟಾರು ಕಾರಿನ ಯಂತ್ರಗಳೇ. ನೀರಿನ ಕೆಲಸಕ್ಕೆಂದು ಮಾರ್ಪಡಿಸಿದವು. ಅನೇಕ ಹಳೆಯ ಯಂತ್ರಗಳು ಹೊರಗಿನ ನೀರನ್ನೇ ಒಳಗೆಳೆದು ತಂಪಾಗುತ್ತವೆ. ಸಮುದ್ರದ ನೀರಾದರೆ ಬಿಸಿ ಹೊಗೆ ಹೊರಬರುವ ಎರಕದ ಕಬ್ಬಿಣದ ಕೊಳವೆಗಳು ಒಳಗಿನಿಂದ ತುಕ್ಕು ತಿಂದು ತೂತಾಗುತ್ತವೆ. ಆ ಮೂಲಕ ಉಪ್ಪುನೀರು ಸಿಲಿಂಡರಿಗಿಳಿದರೆ ಯಂತ್ರಕ್ಕೆ ಮರಣವೇ ಸರಿ. ಉಪ್ಪುನೀರಿನಲ್ಲಿ ಈ ಭಾಗಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಕಡೆಯ ಸಲ ಬದಲಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ಮಾರುವವನು ರಸೀತಿ ತೋರಿಸಿ ಉತ್ತರ ಕೊಡದಿದ್ದರೆ, ಬದಲಿಸಿಯೇ ಇಲ್ಲವೆಂದು ತಿಳಿದು ಲೆಕ್ಕ ಹಾಕಬೇಕು.

ಸಿಹಿನೀರಿನ ಸರೋವರಗಳ ನೌಕೆಗೆ ಉಪ್ಪಿನ ಕಾಟವಿಲ್ಲ. ಅಲ್ಲಿ ಶತ್ರು ಚಳಿ. ಚಳಿಗಾಲಕ್ಕೆ ಮೊದಲು ಯಂತ್ರದೊಳಗಿನ ನೀರನ್ನು ಬಸಿಯದೆ ಬಿಟ್ಟರೆ ಅದು ಹೆಪ್ಪುಗಟ್ಟಿ ಸುಮಾರು ನೂರಕ್ಕೆ ೯ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣವಾದರೂ ಆ ಹಿಗ್ಗನ್ನು ತಡೆಯಲಾರದೆ ಸೀಳುತ್ತದೆ. ಸೀಳಿನ ಮೇಲೆ ಬಣ್ಣ ಬಳಿದು ಮಾರುವವರೂ ಉಂಟು. ಆದ್ದರಿಂದ ಹೊಸದಾಗಿ ಬಣ್ಣ ಬಳಿದ ಯಂತ್ರವನ್ನು ಹೊಗಳುವ ಮೊದಲು ಬಣ್ಣವೇಕೆ ಬೇಕಾಯಿತೆಂದು ಕೇಳುವುದು ಮೇಲು.

ಇನ್ನು ಎಷ್ಟು ಗಂಟೆ ಓಡಿದೆಯೆಂಬ ಲೆಕ್ಕ. ಪೆಟ್ರೋಲ್ ಯಂತ್ರವು ಸಾಮಾನ್ಯವಾಗಿ ೧,೫೦೦ ಗಂಟೆಗಳ ಹೊತ್ತಿಗೂ, ಡೀಸೆಲ್ ಯಂತ್ರವು ೫,೦೦೦ ಗಂಟೆಗಳ ಹೊತ್ತಿಗೂ ದೊಡ್ಡ ರಿಪೇರಿಯನ್ನು ಬೇಡುತ್ತವೆಂಬುದು ಅನುಭವಿಗಳ ಅಂದಾಜು. ಆದರೆ ಗಂಟೆ ಕಡಮೆಯಿದ್ದರೆ ಒಳ್ಳೆಯದೆಂದು ಹಿಗ್ಗುವಂತಿಲ್ಲ. ವರ್ಷಗಟ್ಟಲೆ ತಿರುಗದೆ ಬಿದ್ದಿದ್ದ ಯಂತ್ರ, ದಿನವೂ ದುಡಿದ ಯಂತ್ರಕ್ಕಿಂತ ಬೇಗ ಕೆಡುತ್ತದೆ. ಸಿಲಿಂಡರುಗಳ ಒತ್ತಡವನ್ನು ಮೆಕ್ಯಾನಿಕನಿಂದ ಅಳೆಯಿಸಿ, ಅವು ಪರಸ್ಪರ ನೂರಕ್ಕೆ ಹತ್ತರಷ್ಟು ಅಂತರದೊಳಗೆ ಇವೆಯೇ ಎಂದು ನೋಡುವುದು ಗಂಟೆಯ ಲೆಕ್ಕಕ್ಕಿಂತ ನಂಬತಕ್ಕ ಸಾಕ್ಷಿ.

ಕಟ್ಟಿದಲ್ಲಿಯೇ ಮುಳುಗುವುದು

ನೌಕೆಗಳು ಬಿರುಗಾಳಿಯಲ್ಲಿ ಮುಳುಗುತ್ತವೆಂಬುದು ಕಥೆಗಳಿಂದ ಬಂದ ಕಲ್ಪನೆ. ವಿಮಾ ಸಂಸ್ಥೆಗಳ ಅನುಭವ ಬೇರೆ. ಯಾತ್ರೆಯಲ್ಲಿ ಮುಳುಗುವ ವಿಹಾರ ನೌಕೆಗಳಿಗಿಂತ, ತಂಗುದಾಣದಲ್ಲಿ ಹಗ್ಗ ಬಿಗಿದು ನಿಲ್ಲಿಸಿದಲ್ಲಿಯೇ, ಯಾರೂ ನೋಡದ ರಾತ್ರಿಯಲ್ಲಿ ಮುಳುಗುವ ನೌಕೆಗಳೇ ಹೆಚ್ಚು.

ಕಾರಣ ಸಾಮಾನ್ಯವಾದುದು. ಯಂತ್ರಕ್ಕೆ ನೀರೆಳೆಯಲು, ಶೌಚಗೃಹಕ್ಕೆ, ಇತರ ಕೆಲಸಗಳಿಗೆ ನೌಕೆಯ ತಳದಲ್ಲಿ ತೂತುಗಳಿರುತ್ತವೆ. ಪ್ರತಿ ತೂತಿಗೂ ಒಂದು ಕವಾಟ, ಕವಾಟಕ್ಕೊಂದು ರಬ್ಬರ್ ಕೊಳವೆ, ಕೊಳವೆಯನ್ನು ಬಿಗಿಯುವ ಪಟ್ಟಿ. ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಎರಡಂಗುಲದ ಒಂದು ಕೊಳವೆ ಕಳಚಿಕೊಂಡರೆ ನಿಮಿಷಕ್ಕೆ ನೂರಾರು ಲೀಟರ್ ನೀರು ನುಗ್ಗುತ್ತದೆ. ಮನೆಯ ಹಿತ್ತಿಲಲ್ಲಿಡುವ ಇನ್ನೂರು ಲೀಟರಿನ ಡ್ರಮ್ಮು ಒಂದು ನಿಮಿಷ ಕಳೆಯುವ ಮೊದಲೇ ತುಂಬಿ ಚೆಲ್ಲುವ ವೇಗವದು. ಇಷ್ಟೆಲ್ಲಕ್ಕೂ ಮೂಲ, ಕೆಲವೇ ಕಾಸಿನ ತುಕ್ಕು ಹಿಡಿದ ಪಟ್ಟಿ!

ಆದ್ದರಿಂದ ತಳದ ಪ್ರತಿಯೊಂದು ಕವಾಟವನ್ನೂ ಕೈಯಿಂದ ತಿರುಗಿಸಿ ನೋಡಬೇಕು. ತಿರುಗದ ಕವಾಟ ಇಲ್ಲದ ಕವಾಟಕ್ಕೆ ಸಮ. ಕೊಳವೆ ಬಿರುಕುಬಿಟ್ಟಿದೆಯೇ, ಪಟ್ಟಿಗಳು ಗಟ್ಟಿಯಾಗಿವೆಯೇ ಎಂಬುದನ್ನು ದೀಪ ಹಿಡಿದು ನೋಡಬೇಕು. ತಳದಲ್ಲಿ ಸೇರಿದ ನೀರನ್ನು ಹೊರಚೆಲ್ಲುವ ಪಂಪಿನ ತೇಲುಗುಂಡಿಯನ್ನು ಬೆರಳಿನಿಂದ ಎತ್ತಿದರೆ ಪಂಪು ತಾನಾಗಿ ಓಡಬೇಕು. ಕೆಲವು ನೌಕೆಗಳಲ್ಲಿ ಯಂತ್ರ ಒಳಗಿದ್ದು, ಪ್ರೊಪೆಲರನ್ನು ತಿರುಗಿಸುವ ಕಾಲು ಹಿಂಗೋಡೆಯನ್ನು ತೂರಿ ಹೊರಗಿರುತ್ತದೆ. ಅವೆರಡರ ನಡುವೆ ನೀರನ್ನು ತಡೆಯುವುದು ಹಾರ್ಮೋನಿಯಮ್ಮಿನ ತಿದಿಯಂಥ ಒಂದು ರಬ್ಬರಿನ ಚೀಲ. ಅದರ ಮಡಿಕೆಗಳಲ್ಲಿ ಬಿರುಕು ಕಂಡರೆ ಆ ನೌಕೆಯನ್ನು ಮುಳುಗಿಸಲು ಬಿರುಗಾಳಿಯೇನೂ ಬೇಕಿಲ್ಲ.

ಪ್ರೊಪೆಲರಿನ ಬಳಿ ಸತುವಿನ ಗಟ್ಟಿಗಳನ್ನು ಕಟ್ಟಿರುವುದನ್ನು ಕಾಣಬಹುದು. ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಟ್ಟಿಗಿದ್ದಾಗ ಬ್ಯಾಟರಿಯಂತೆ ವಿದ್ಯುತ್ತು ಹರಿದು, ದುರ್ಬಲವಾದ ಲೋಹ ಕರಗುತ್ತದೆ. ಬೆಲೆಬಾಳುವ ಪ್ರೊಪೆಲರು ಉಳಿಯಲೆಂದು ತಾನು ಕರಗಿಹೋಗುವುದೇ ಈ ಸತುವಿನ ಧರ್ಮ. ಅದು ಅರ್ಧ ಸವೆದಿರುವುದು ಸಹಜ. ಸಂಪೂರ್ಣವಾಗಿ ಕರಗಿ, ಕಂಚಿನ ಪ್ರೊಪೆಲರು ನಸುಗೆಂಪಾಗಿದ್ದರೆ ಅದರೊಳಗಿನ ಸತುವೂ ಹೊರಟುಹೋಗಿ ಲೋಹ ಟೊಳ್ಳಾಗಿದೆ. ಅಷ್ಟೇ ಅಲ್ಲ, ಬಹು ಕಾಲದಿಂದ ಈ ನೌಕೆಯನ್ನು ವಿಚಾರಿಸುವವರಿರಲಿಲ್ಲವೆಂಬ ಸಾಕ್ಷಿಯೂ ಆಯಿತು.

ಕಣ್ಣಿಗೆ ಕಾಣದ ಮೃತ್ಯು

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಹಣದ ಮಾತು. ಇನ್ನು ಪ್ರಾಣದ ಮಾತು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಕಾರಿನಲ್ಲಿ ಸೋರಿದ ಪೆಟ್ರೋಲಿನ ಆವಿ ಕೆಳಗಿಳಿದು ಬಯಲಿಗೆ ಹರಡಿಹೋಗುತ್ತದೆ. ನೌಕೆಯ ತಳದಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಬಟ್ಟಲಿನಲ್ಲಿ ನಿಂತ ನೀರಿನಂತೆ ಅದು ಅಲ್ಲಿಯೇ ನಿಂತಿರುತ್ತದೆ. ಒಂದು ಕಿಡಿ ಸಾಕು. ಆದುದರಿಂದಲೇ ಯಂತ್ರವನ್ನು ಎಬ್ಬಿಸುವ ಮೊದಲು ಕಡಮೆಯೆಂದರೆ ನಾಲ್ಕು ನಿಮಿಷ ತಳದ ಗಾಳಿಯನ್ನು ಪಂಕದಿಂದ ಹೊರದೂಡಬೇಕೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆ ಎಚ್ಚರಿಸುತ್ತದೆ. ನೌಕೆಯ ಯಂತ್ರಕ್ಕೆ ಹಾಕುವ ಸ್ಟಾರ್ಟರ್, ಆಲ್ಟರ್ನೇಟರ್ ಮೊದಲಾದವು ಕಿಡಿಯನ್ನು ಹೊರಬಿಡದಂತೆ ವಿಶೇಷವಾಗಿ ಮಾಡಿದವು. ಕಾರಿನ ಅಂಗಡಿಯಲ್ಲಿ ಸಿಕ್ಕುವವು ನೋಡಲು ಹಾಗೆಯೇ ಇರುತ್ತವೆ, ಬೆಲೆ ಕಡಮೆ. ಹಿಂದಿನ ಒಡೆಯನೊಬ್ಬನು ಮಿತವ್ಯಯದ ಹುರುಪಿನಲ್ಲಿ ಕಾರಿನ ಭಾಗವನ್ನು ತಂದು ಜೋಡಿಸಿದ್ದರೆ, ಆ ಉಳಿತಾಯದ ಬೆಲೆಯನ್ನು ತೆರುವವರು ಮುಂದಿನವರು.

ಇಂಧನದ ಟಾಂಕಿಗಳೂ ಹೀಗೆಯೇ ಮರೆಯಲ್ಲಿರುತ್ತವೆ. ನೆಲದಡಿ ಹುದುಗಿಸಿಟ್ಟ ಅಲ್ಯುಮಿನಿಯಂ ಟಾಂಕಿ ತೇವ ತಾಗಿದ ಕಡೆ ಹೊರಗಿನಿಂದ ಕೊರೆದುಹೋಗುತ್ತದೆ. ಬದಲಿಸಬೇಕಾದರೆ ಡೆಕ್ಕನ್ನೇ ಕೊಯ್ಯಬೇಕಾಗುವುದುಂಟು. ೧೯೬೦ ಮತ್ತು ೧೯೭೦ರ ದಶಕಗಳ ಕೆಲವು ಪ್ರಸಿದ್ಧ ನೌಕೆಗಳಲ್ಲಿ ಟಾಂಕಿಗಳೂ ಫೈಬರ್ ಗ್ಲಾಸಿನವೇ ಆಗಿದ್ದವು. ೨೦೦೦ದ ದಶಕದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪದ್ಧತಿ ಅಮೆರಿಕದಲ್ಲಿ ಹರಡಿದಾಗ, ಅದು ಈ ಟಾಂಕಿಗಳ ರಾಳವನ್ನು ಕರಗಿಸಿ ಯಂತ್ರಗಳನ್ನೂ ಹಾಳುಮಾಡಿತು. ಕಟ್ಟಿದವರು ಕನಸಿನಲ್ಲಿಯೂ ಎಣಿಸದ ಇಂಧನವನ್ನು ಹಳೆಯ ನೌಕೆ ಇಂದು ಕುಡಿಯಬೇಕಾಗಿದೆ ಎಂಬುದನ್ನು ಕೊಳ್ಳುವವನು ಮರೆಯಲಾಗದು.

ಎಲ್ಲಕ್ಕಿಂತ ಕ್ರೂರವಾದುದು ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ. ಹೊಗೆಕೊಳವೆಯ ಒಂದು ಸಂದು ಬಿಟ್ಟಿದ್ದರೆ ಅದು ಕೋಣೆಯೊಳಕ್ಕೆ ಹರಿದುಬರುತ್ತದೆ. ಕೊಳವೆಯೆಲ್ಲ ಸರಿಯಿದ್ದರೂ, ಪರದೆಗಳನ್ನು ಕಟ್ಟಿ ನಿಧಾನವಾಗಿ ಸಾಗುವಾಗ ನೌಕೆಯ ಹಿಂದೆ ಗಾಳಿಯ ಒತ್ತಡ ತಗ್ಗಿ, ಹೊರಬಿಟ್ಟ ಹೊಗೆಯೇ ಸುತ್ತಿ ಹಿಂದಿರುಗಿ ಬರಬಹುದು. ಅರಿಜೋನಾ ಮತ್ತು ಯೂಟಾ ಸಂಸ್ಥಾನಗಳ ಗಡಿಯಲ್ಲಿರುವ ಲೇಕ್ ಪೊವೆಲ್ ಜಲಾಶಯದಲ್ಲಿ ೨೦೦೦ದಲ್ಲಿ ಇಬ್ಬರು ಬಾಲಕರು ಮನೆದೋಣಿಯ ಹಿಂಭಾಗದಲ್ಲಿ ಈಜುತ್ತಿದ್ದಾಗ, ಅದರ ಜನರೇಟರಿನಿಂದ ಹೊರಬಿದ್ದ ಈ ಅನಿಲಕ್ಕೆ ಬಲಿಯಾದರು. ಬಯಲಿನಲ್ಲಿ, ಆಕಾಶದ ಕೆಳಗೆ ಇಂಥ ಸಾವು ಸಾಧ್ಯವೆಂದು ಅದುವರೆಗೆ ಎಣಿಸಿದವರು ಕಡಮೆ. ಆ ಬಳಿಕ ಸರ್ಕಾರದ ಸಂಶೋಧಕರು ಅಲ್ಲಿಯ ದೋಣಿಗಳನ್ನು ಪರೀಕ್ಷಿಸಿ, ಹಿಂಭಾಗದ ಮೆಟ್ಟಿಲ ಕೆಳಗೆ ಅನಿಲವು ಮಾರಕ ಪ್ರಮಾಣದಲ್ಲಿ ಶೇಖರವಾಗುವುದನ್ನು ಅಳೆದು ತೋರಿಸಿದರು. ಮಕ್ಕಳನ್ನು ಮಲಗಿಸುವ ಕೋಣೆಯಲ್ಲಿ ಈ ಅನಿಲವನ್ನು ಕಂಡುಹಿಡಿದು ಕೂಗುವ ಯಂತ್ರವಿದೆಯೇ, ಅದರ ಅವಧಿ ತೀರಿದೆಯೇ ಎಂದು ನೋಡುವುದು ಹಾಸಿಗೆಯ ಬಟ್ಟೆ ಚೆನ್ನಾಗಿದೆಯೇ ಎಂದು ನೋಡುವುದಕ್ಕಿಂತ ಮೊದಲಿನ ಕೆಲಸ.

ವಿದ್ಯುತ್ತಿನ ತಂತಿಗಳ ವಿಷಯವೂ ಲಘುವಲ್ಲ. ಮನೆಗೆ ಹಾಕುವ ಒಂದೆಳೆಯ ದಪ್ಪ ತಂತಿ ನೌಕೆಯ ಅಲುಗಾಟಕ್ಕೆ ಮುರಿಯುತ್ತದೆ. ದಡದಿಂದ ವಿದ್ಯುತ್ತನ್ನು ಪಡೆಯುವ ಕೂಡುಗುಂಡಿ ಕರಕಾಗಿದ್ದರೆ ಅದು ಬೆಂಕಿಯ ಮುನ್ಸೂಚನೆ. ಸಿಹಿನೀರಿನ ತಂಗುದಾಣಗಳಲ್ಲಿ ನೌಕೆಯಿಂದ ನೀರಿಗೆ ಸೋರಿದ ವಿದ್ಯುತ್ತು ಹತ್ತಿರ ಈಜುವವರ ಕೈಕಾಲು ಸೆಟೆಯುವಂತೆ ಮಾಡಿ ಮುಳುಗಿಸಿದ ಪ್ರಕರಣಗಳಿವೆ. ಈ ತಂತಿಗಳು, ಇಂಧನ, ಗಾಳಿಯಾಟ ಇವು ಹೇಗಿರಬೇಕೆಂಬುದಕ್ಕೆ ೧೯೫೪ರಲ್ಲಿ ಸ್ಥಾಪಿತವಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಎಂಬ ಮಂಡಳಿಯ ನಿಯಮಗಳಿವೆ. ಹಳೆಯ ನೌಕೆಯೂ ಅವುಗಳಿಗೆ ಎಷ್ಟು ಒಪ್ಪುತ್ತದೆಯೆಂದು ಪರೀಕ್ಷಕನಿಂದ ಬರೆಯಿಸಿಕೊಳ್ಳಬಹುದು.

ಪರೀಕ್ಷಕನು ಯಾರ ಪಕ್ಷ?

ಇಷ್ಟನ್ನೆಲ್ಲ ಕೊಳ್ಳುವವನು ತಾನೊಬ್ಬನೇ ನೋಡಿ ತಿಳಿಯಲಾರನು. ಅದಕ್ಕೆಂದೇ ನೌಕಾ ಪರೀಕ್ಷಕರಿದ್ದಾರೆ. ಈ ವೃತ್ತಿಯ ಮನೆತನ ದೊಡ್ಡದು. ೧೭೬೦ರಲ್ಲಿ ಲಂಡನ್ನಿನಲ್ಲಿ, ಎಡ್ವರ್ಡ್ ಲಾಯ್ಡನ ಹೆಸರಿನ ಕಾಫಿಗೃಹದಲ್ಲಿ ಕೂಡುತ್ತಿದ್ದ ವರ್ತಕರೂ ವಿಮೆಗಾರರೂ ಹಡಗುಗಳ ಸ್ಥಿತಿಗತಿಯನ್ನು ಬರೆದಿಡಲು ಒಂದು ಸಂಘವನ್ನು ಮಾಡಿಕೊಂಡರು. ಅದೇ ಇಂದಿನ ಲಾಯ್ಡ್ಸ್ ರಿಜಿಸ್ಟರ್. ಒಡಲಿಗೆ ಒಂದು ಅಕ್ಷರ, ಸಲಕರಣೆಗೆ ಒಂದು ಅಂಕೆ ಕೊಟ್ಟು ಎಲ್ಲ ಬಗೆಯಲ್ಲೂ ಉತ್ತಮವಾದ ಹಡಗನ್ನು ‘ಎ ಒನ್’ ಎಂದರು. ಇಂದು ನಾವು ಕಾಫಿಯಿಂದ ಸಂಗೀತದವರೆಗೆ ಎಲ್ಲಕ್ಕೂ ಆಡುವ ‘ಎ ಒನ್’ ಎಂಬ ಮೆಚ್ಚುಗೆ ಹುಟ್ಟಿದ್ದು ಅಲ್ಲಿ. ಕಾಣದ ವಸ್ತುವಿಗೆ ಹಣ ಹೂಡುವವನಿಗೆ ನಿಷ್ಪಕ್ಷಪಾತವಾದ ಕಣ್ಣೊಂದು ಬೇಕು ಎಂಬುದೇ ಆ ಸಂಘದ ಮೂಲ ತತ್ತ್ವ.

ಆದ್ದರಿಂದ ಪರೀಕ್ಷಕನನ್ನು ಕೊಳ್ಳುವವನೇ ನೇಮಿಸಿ, ಅವನ ಹಣವನ್ನು ತಾನೇ ಕೊಡಬೇಕು. ಮಾರುವವನೋ ದಲ್ಲಾಳಿಯೋ ‘ನಮ್ಮವರೇ ಒಬ್ಬರಿದ್ದಾರೆ’ ಎಂದರೆ ನಯವಾಗಿ ಬೇಡವೆನ್ನಬೇಕು. ಮಾರುವವನು ತೋರಿಸುವ ಹಳೆಯ ವರದಿ ಯಾವ ಕೆಲಸಕ್ಕೂ ಬಾರದು. ಅಮೆರಿಕದಲ್ಲಿ ಹಳೆಯ ನೌಕೆಗೆ ವಿಮೆ ಮಾಡುವ ಸಂಸ್ಥೆಗಳು ಹೊಸ ವರದಿಯನ್ನು ಸಾಮಾನ್ಯವಾಗಿ ತಾವೇ ಕೇಳುತ್ತವೆ.

ವ್ಯವಹಾರಕ್ಕೂ ಒಂದು ಕ್ರಮವಿದೆ. ಮೊದಲು ಬೆಲೆಯನ್ನು ಮಾತಾಡಿ, ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲನ್ನು ಮುಂಗಡ ಕೊಡುತ್ತಾರೆ. ಪರೀಕ್ಷೆಯೂ ನೀರಿನ ಮೇಲಿನ ಓಟವೂ ತೃಪ್ತಿಕರವಾಗದಿದ್ದರೆ ಮುಂಗಡ ಹಿಂದಕ್ಕೆ ಬರಬೇಕೆಂದು ಪತ್ರದಲ್ಲಿ ಬರೆದಿರಬೇಕು. ಓಟದಲ್ಲಿ ಯಂತ್ರವನ್ನು ಕೆಲವು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿ, ಅದು ತನಗೆ ವಿಧಿಸಿದ ಸುತ್ತುಗಳನ್ನು ಮುಟ್ಟುವುದೇ, ಶಾಖ ಏರುವುದೇ ಎಂದು ನೋಡುತ್ತಾರೆ. ‘ಇಂದು ಗಾಳಿ ಹೆಚ್ಚು, ನಿಧಾನವಾಗಿಯೇ ಹೋಗೋಣ’ ಎನ್ನುವ ಮಾರಾಟಗಾರನಿಗೆ, ಗಾಳಿ ಕಡಮೆಯಾದ ದಿನ ಬರುತ್ತೇವೆಂದು ಹೇಳುವುದು ಯುಕ್ತ.

ಪತ್ರಗಳನ್ನೂ ನೋಡಬೇಕು. ೧೯೭೨ರ ನವೆಂಬರ್ ತಿಂಗಳಿನಿಂದ ಈಚೆಗೆ ಅಮೆರಿಕದಲ್ಲಿ ಕಟ್ಟಿದ ಪ್ರತಿಯೊಂದು ನೌಕೆಯ ಹಿಂಗೋಡೆಯ ಬಲಭಾಗದಲ್ಲಿ ಹನ್ನೆರಡು ಅಕ್ಷರ ಅಂಕೆಗಳ ಗುರುತಿರಬೇಕು. ಮೊದಲ ಮೂರು ಕಟ್ಟಿದವರನ್ನು ಸೂಚಿಸುತ್ತವೆ. ಪತ್ರದ ಗುರುತು, ಒಡಲಿನ ಗುರುತು ಒಂದೇ ಆಗಿರಬೇಕು. ಹಿಂದಿನ ಒಡೆಯನ ಸಾಲವಾಗಲಿ, ರಿಪೇರಿಯವನಿಗೆ ಕೊಡದೆ ಉಳಿದ ಹಣವಾಗಲಿ ನೌಕೆಯನ್ನೇ ಹಿಂಬಾಲಿಸಿ ಬರುವುದುಂಟು.

ಬೇಡವೆನ್ನುವ ಧೈರ್ಯ

ಎಲ್ಲ ಪರೀಕ್ಷೆ ಮುಗಿದ ಮೇಲೆ ಕೊಳ್ಳುವವನ ಕೈಗೆ ದೋಷಗಳ ಒಂದು ಉದ್ದವಾದ ಪಟ್ಟಿ ಬರುತ್ತದೆ. ನಲವತ್ತು ವರ್ಷದ ನೌಕೆಯಲ್ಲಿ ದೋಷವೇ ಇಲ್ಲವೆಂದು ಬರೆದ ಪರೀಕ್ಷಕನನ್ನೇ ಸಂಶಯಿಸಬೇಕು. ಪಟ್ಟಿಯನ್ನು ಮೂರು ಭಾಗ ಮಾಡುವುದು ವಿವೇಕ. ಪ್ರಾಣಕ್ಕೆ ಸಂಬಂಧಿಸಿದ್ದು ಮೊದಲನೆಯದು. ಅದನ್ನು ಸರಿಪಡಿಸದೆ ಒಂದು ದಿನವೂ ನೀರಿಗಿಳಿಯಲಾಗದು. ಒಡಲು ಮತ್ತು ಯಂತ್ರಕ್ಕೆ ಸಂಬಂಧಿಸಿದ್ದು ಎರಡನೆಯದು. ಅದರ ಖರ್ಚನ್ನು ಬೆಲೆಗೆ ಕೂಡಿಸಿ ನೋಡಿದಾಗ ಬರುವುದೇ ನೌಕೆಯ ನಿಜವಾದ ಬೆಲೆ. ದಿಂಬು, ಪರದೆ, ಬಣ್ಣ ಮೂರನೆಯದು. ಬಹು ಜನ ಮನಸೋಲುವುದು ಈ ಮೂರನೆಯದಕ್ಕೆ.

ಎಲ್ಲಕ್ಕೂ ಮಿಗಿಲಾದ ಸಾಕ್ಷಿ ಮತ್ತೊಂದಿದೆ. ಯಂತ್ರದ ಎಣ್ಣೆಯನ್ನು ಯಾವಾಗ ಬದಲಿಸಿದರು, ಯಾವ ಪಂಪನ್ನು ಎಲ್ಲಿ ಕೊಂಡರು ಎಂದು ಹಿಂದಿನ ಒಡೆಯನು ಬರೆದಿಟ್ಟ ಪುಸ್ತಕ, ಕಟ್ಟಿಟ್ಟ ರಸೀತಿಗಳು. ಸಾಧಾರಣ ಸಂಸ್ಥೆಯೊಂದು ಕಟ್ಟಿದ ನೌಕೆಯಾದರೂ ಇಂಥವನ ಕೈಯಲ್ಲಿ ಬಾಳಿದ್ದರೆ ನಂಬಬಹುದು. ಹೆಸರಾಂತ ಸಂಸ್ಥೆಯ ನೌಕೆಯಾದರೂ ಅಲಕ್ಷ್ಯದಲ್ಲಿ ಬಿದ್ದಿದ್ದರೆ ಆ ಹೆಸರು ಅದನ್ನು ತೇಲಿಸಲಾರದು. ಹಳೆಯ ನೌಕೆಯನ್ನು ಕೊಳ್ಳುವವನು ವಾಸ್ತವವಾಗಿ ಕೊಳ್ಳುವುದು ಮತ್ತೊಬ್ಬನ ಹಲವು ವರ್ಷಗಳ ಶ್ರದ್ಧೆಯನ್ನು, ಇಲ್ಲವೆ ಸೋಮಾರಿತನವನ್ನು.

ಪರೀಕ್ಷೆಗೆ ಹಣ ತೆತ್ತು ನೌಕೆಯನ್ನು ಕೊಳ್ಳದೆ ಬಂದವನನ್ನು ನೋಡಿ, ಹಣ ನೀರಿಗೆ ಹೋಯಿತೆಂದು ನಗುವವರುಂಟು. ಅವನು ಕಳೆದುಕೊಂಡದ್ದು ಪರೀಕ್ಷಕನ ಮಜೂರಿಯನ್ನು ಮಾತ್ರ. ಉಳಿಸಿಕೊಂಡದ್ದು ಅದರ ಹತ್ತಾರು ಪಾಲನ್ನು. ಒಂದು ಬೆಳದಿಂಗಳ ರಾತ್ರಿ ಹೆಂಡತಿ ಮಕ್ಕಳೊಡನೆ ನೀರಿನ ಮೇಲೆ ಮಲಗಿ ನಿಶ್ಚಿಂತೆಯಾಗಿ ನಿದ್ರಿಸಬೇಕೆಂಬುದೇ ಇಷ್ಟೆಲ್ಲ ಆಸೆಯ ಮೂಲ. ನಿಶ್ಚಿಂತೆಯ ಆ ನಿದ್ರೆಯನ್ನು ಮಾರುವವನು ಬೆಲೆಯ ಚೀಟಿಯೊಡನೆ ಕೊಡಲಾರನು. ಅದನ್ನು ಕೊಳ್ಳುವವನೇ ದೀಪ ಹಿಡಿದು, ಮಂಡಿಯೂರಿ, ತಳದ ಕತ್ತಲೆಯಲ್ಲಿ ಹುಡುಕಿಕೊಳ್ಳಬೇಕು.